ಅವರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು

ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಮತ್ತೆ ಜಗಳ. ವಿಷಯ ಹಳೆಯದೇ, ಒಬಾಮಾಕೇರ್. ಅಂದ್ರೆ 2010ರಲ್ಲಿ ಒಬಾಮಾ ಮತ್ತು ಅವರ ಡೆಮಾಕ್ರಟಿಕ್ ಪಕ್ಷ ತಂದ, ರಿಪಬ್ಲಿಕನ್ನರು ವಿರೋಧಿಸಿದ ಅಮೆರಿಕದ ಆರೋಗ್ಯ ವಿಮೆ ಕಾನೂನು. 2025ರಲ್ಲಿ ಇದೇ ವಿಮೆ ಸಬ್ಸಿಡಿಯ ಹಗ್ಗಜಗ್ಗಾಟಕ್ಕೆ ಅಮೆರಿಕ ಸರ್ಕಾರ 43 ದಿನ ಬಾಗಿಲು ಹಾಕಿಕೊಂಡು ಕೂತಿತ್ತಲ್ಲ, ಆಗ ಹೊತ್ತಿದ್ದು ಇನ್ನೂ ಆರಿಲ್ಲ. ಒಬ್ಬರು ರಿಪಬ್ಲಿಕನ್ನರನ್ನು ಕೊಲೆಗಡುಕರು ಅಂದರು. ಇನ್ನೊಬ್ಬರು ಸಬ್ಸಿಡಿ ಪಡೆಯೋರನ್ನೆಲ್ಲ ಬಿಟ್ಟಿ ಕೂಳಿನವರು ಅಂದರು. ಇಬ್ಬರೂ ಯುಗಾದಿಗೆ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದವರು. ನಾನೂ ಏನೋ ಬರೆಯಲು ಹೋಗಿ ಅಳಿಸಿದೆ. ಅಲ್ಲಿ ಅಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಆ ಕಾನೂನಿನ ಪರ. ಅವತ್ತೂ, ಇವತ್ತೂ. ಮೊದಲಿಂದ ಕಾಯಿಲೆ ಇದೆ ಅನ್ನೋ ನೆಪ ಹೇಳಿ ವಿಮೆ ಕಂಪನಿಗಳು ಜನರನ್ನು ವಾಪಸ್ ಕಳಿಸುತ್ತಿದ್ದವು. 2014ರಿಂದ ಅದು ನಿಂತಿತು. 26 ತುಂಬುವವರೆಗೂ ಮಕ್ಕಳು ಅಪ್ಪ ಅಮ್ಮನ ವಿಮೆಯಲ್ಲೇ ಇರಬಹುದು. ನನಗೆ ಇಷ್ಟು ಸಾಕು. ಅದನ್ನು ವಿರೋಧಿಸಿದವರ ಜೊತೆ ನಾನು ಹೇಗೆ ನಡೆದುಕೊಂಡೆ ಅನ್ನೋದು ಮಾತ್ರ ಬಹಳ ವರ್ಷದಿಂದ ಚುಚ್ಚುತ್ತಿದೆ.

2009ರ ಆಗಸ್ಟ್. ನಾವು ಒಹಾಯೊದ ಕೊಲಂಬಸ್ ಹತ್ತಿರ ಹೊಸದಾಗಿ ಮನೆ ಮಾಡಿದ್ದೆವು. ಆಗಸ್ಟ್‌ನಲ್ಲಿ ಇಲ್ಲಿನ ಸಂಸತ್ತಿಗೆ ರಜೆ. ಸದಸ್ಯರೆಲ್ಲ ತಮ್ಮ ತಮ್ಮ ಊರಿಗೆ ಬಂದು ಶಾಲೆಯಲ್ಲೋ ಸಮುದಾಯ ಭವನದಲ್ಲೋ ಜನರ ಸಭೆ ಕರೆಯುತ್ತಾರೆ. ಆ ವರ್ಷ ಎಲ್ಲ ಕಡೆ ಆರೋಗ್ಯ ವಿಮೆಯದ್ದೇ ಗಲಾಟೆ. ಮೈಕ್ ಕಿತ್ತುಕೊಳ್ಳೋದು, ಕೂಗಿ ಕೂರಿಸೋದು. ಮ್ಯಾಸಚೂಸೆಟ್ಸ್‌ನ ಡಾರ್ಟ್‌ಮೌತ್‌ನಲ್ಲಿ ಒಬ್ಬಾಕೆ ಒಬಾಮಾ ಚಿತ್ರಕ್ಕೆ ಹಿಟ್ಲರ್ ಮೀಸೆ ಬರೆದುಕೊಂಡು ಬಂದು, ಈ ನಾಜಿ ಯೋಜನೆಗೆ ಯಾಕೆ ಬೆಂಬಲ ಕೊಡ್ತೀರಿ ಅಂತ ಕೇಳಿದಳು. ಸಂಸದ ಬಾರ್ನಿ ಫ್ರಾಂಕ್, ನಿಮ್ಮ ಜೊತೆ ವಾದ ಮಾಡೋದೂ ಊಟದ ಮೇಜಿನ ಜೊತೆ ವಾದ ಮಾಡೋದೂ ಒಂದೇ ಅಂದರು. ಆ ವಿಡಿಯೋ ನಾನು ಎಷ್ಟು ಸಲ ನೋಡಿ ನಕ್ಕಿದ್ದೇನೋ ಲೆಕ್ಕ ಇಲ್ಲ.

ಸೌತ್ ಕೆರೊಲಿನಾದಲ್ಲಿ ಇನ್ನೊಂದು ಸಭೆ. ಸರ್ಕಾರ ನನ್ನ ಮೆಡಿಕೇರ್ ಮೇಲೆ ಕೈ ಹಾಕಬಾರದು ಅಂತ ಒಬ್ಬರು ಗದರಿದರು. ಮೆಡಿಕೇರ್ ಅಂದ್ರೆ 65 ದಾಟಿದವರಿಗೆ ಸರ್ಕಾರವೇ ಕೊಡೋ ವಿಮೆ! ರಿಪಬ್ಲಿಕನ್ ಸಂಸದ ಬಾಬ್ ಇಂಗ್ಲಿಸ್ ಅವರಿಗೆ ಸಮಾಧಾನವಾಗಿ ತಿಳಿಸಿ ಹೇಳಲು ನೋಡಿದರು. ಆಗಲಿಲ್ಲ. ಮುಂದಿನ ವರ್ಷ ಇಂಗ್ಲಿಸ್ ತಮ್ಮ ಪಕ್ಷದವರ ಕೈಯಲ್ಲೇ ಟಿಕೆಟ್ ಕಳೆದುಕೊಂಡರು.

ಆಗಸ್ಟ್ 7ರಂದು ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಫೇಸ್‌ಬುಕ್‌ನಲ್ಲೇ 'ಡೆತ್ ಪ್ಯಾನೆಲ್' ಅನ್ನೋ ಪದ ಹರಿಯಬಿಟ್ಟರು. ಯಾರು ಬದುಕಬೇಕು, ಯಾರು ಸಾಯಬೇಕು ಅಂತ ಸರ್ಕಾರಿ ನೌಕರರು ಕೂತು ತೀರ್ಮಾನಿಸುತ್ತಾರೆ ಅನ್ನೋ ಅರ್ಥದಲ್ಲಿ. ಮಸೂದೆಯಲ್ಲಿ ಇದ್ದದ್ದು ಇಷ್ಟೇ: ಕೊನೆಗಾಲದಲ್ಲಿ ತನಗೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ವಯಸ್ಸಾದವರು ಡಾಕ್ಟರ ಹತ್ತಿರ ಮಾತಾಡಿದರೆ, ಆ ಡಾಕ್ಟರ ಫೀಸನ್ನು ಮೆಡಿಕೇರ್ ಕೊಡುತ್ತೆ. ಅದೂ ಇಷ್ಟವಿದ್ದರೆ ಮಾತ್ರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯ್ತು. ಜಾರ್ಜಿಯಾದ ರಿಪಬ್ಲಿಕನ್ ಸೆನೆಟರ್ ಜಾನಿ ಐಸಾಕ್ಸನ್ ಕೂಡ ಇದು ಹುಚ್ಚು ಮಾತು ಅಂದರು. ಯಾರು ಕೇಳಬೇಕು? ಆ ಭಾಗವನ್ನೇ ಮಸೂದೆಯಿಂದ ಕಿತ್ತು ಹಾಕಿದರು. ಆ ಫೀಸನ್ನು ಮೆಡಿಕೇರ್ ಕೊಡಲು ಶುರು ಮಾಡಿದ್ದು 2016ರ ಜನವರಿಯಲ್ಲಿ. ನಡುವೆ ಎಷ್ಟು ಮನೆಗಳಲ್ಲಿ ಆ ಮಾತುಕತೆ ಆಗದೇ ಹೋಯ್ತೋ.

ಇಂಥ ದಿನಗಳಲ್ಲಿ ಒಂದು ಶನಿವಾರ ನಮ್ಮ ಹುಲ್ಲು ಕತ್ತರಿಸೋ ಮೆಷಿನ್ ಕೈ ಕೊಟ್ಟಿತು. ಹಗ್ಗ ಎಳೆದೂ ಎಳೆದೂ ನನ್ನ ಭುಜ ಬಿದ್ದುಹೋಗಿತ್ತು. ಪಕ್ಕದ ಮನೆಯವರು ನೋಡಿಕೊಂಡು ತಾವೇ ಬಂದರು. ಆಗ ಅವರಿಗೆ 58. ಗಂಡ ಹೆಂಡತಿ ಸೇರಿ ಮನೆಗಳಿಗೆ ಬಣ್ಣ ಹೊಡೆಯುವ ಸಣ್ಣ ಕಸುಬು. ಪಕ್ಕಾ ರಿಪಬ್ಲಿಕನ್, ಮನೆ ಮುಂದೆ ಬೋರ್ಡೂ ಇತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಜೇಬಿನ ಬಟ್ಟೆಯಿಂದ ಅದರ ಮಸಿ ಒರೆಸುತ್ತಾ ಕೇಳಿದರು. "ನಾವು ನಮ್ಮ ದುಡ್ಡಲ್ಲೇ ವಿಮೆ ಮಾಡಿಸಿದ್ದೀವಿ. ಕಂಪನಿ ಕೊಟ್ಟಿದ್ದಲ್ಲ. ನೀನು ಓದಿದವನು. ಈ ಕಾನೂನು ಬಂದರೆ ನಮ್ಮದು ಹಾಗೇ ಇರುತ್ತಾ?"

ನಾನು ನಕ್ಕೆ. "ನೀವೂ ಆ ಡೆತ್ ಪ್ಯಾನೆಲ್ ಗುಂಪಿಗೆ ಸೇರಿಬಿಟ್ರಾ?" ಅಂದೆ.

ಅವರು ಏನೂ ಅನ್ನಲಿಲ್ಲ. ಪ್ಲಗ್ ತಿರುಗಿಸಿ ಕೂರಿಸಿದರು. ಒಂದೇ ಸಲ ಹಗ್ಗ ಎಳೆದರು, ಮೆಷಿನ್ ಗುರ್ ಅಂತು. ಕೈ ಒರೆಸಿಕೊಂಡು ಹೊರಟುಹೋದರು. ಅಡುಗೆಮನೆ ಕಿಟಕಿಯಿಂದ ಎಲ್ಲಾ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಆಮೇಲೆ ಹೇಳಿದಳು: "ರೀ, ಅವರು ಕೇಳಿದ್ದು ಒಂದು, ನೀವು ಹೇಳಿದ್ದು ಇನ್ನೊಂದು."

ಸೆಪ್ಟೆಂಬರ್ 9ಕ್ಕೆ ಒಬಾಮಾ ಎರಡೂ ಸದನಗಳ ಮುಂದೆ ಭಾಷಣ ಮಾಡಿದರು. ದಾಖಲೆ ಇಲ್ಲದೆ ಬಂದು ನೆಲೆಸಿದವರಿಗೆ ಇದು ಅನ್ವಯಿಸೋದಿಲ್ಲ ಅಂದ ಕೂಡಲೇ ಸೌತ್ ಕೆರೊಲಿನಾದ ರಿಪಬ್ಲಿಕನ್ ಸಂಸದ ಜೋ ವಿಲ್ಸನ್ ಕೂತಲ್ಲಿಂದಲೇ "ನೀನು ಸುಳ್ಳು ಹೇಳ್ತೀಯ!" ಅಂತ ಕೂಗಿದರು. ಅಧ್ಯಕ್ಷರ ಮುಖಕ್ಕೆ, ಸದನದ ಒಳಗೆ. ಅದೇ ರಾತ್ರಿ ಕ್ಷಮೆ ಕೇಳಿದರು ಅನ್ನಿ. ಒಂದು ವಾರದೊಳಗೆ ಕೆಳಮನೆ 240-179 ಮತದಿಂದ ಅವರ ನಡತೆಯನ್ನು ಖಂಡಿಸಿತು. ಅಷ್ಟರಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಚಂದಾ ಬಂದು ಬಿದ್ದಿತ್ತು. ಚುನಾವಣೆಯಲ್ಲಿ ಅವರ ಎದುರಾಳಿಗೂ ಅಷ್ಟೇ! ಬೈಗುಳಕ್ಕೆ ಎಂಥ ಮಾರುಕಟ್ಟೆ ಇದೆ ನೋಡಿ.

ಈಗ ಆ ಭಾಷಣ ಮತ್ತೆ ಓದಿದರೆ ನನ್ನ ಕಣ್ಣು ಬೇರೆ ಕಡೆ ನಿಲ್ಲುತ್ತೆ. ಅದೇ ವರ್ಷ ಜೂನ್‌ನಲ್ಲಿ ಚಿಕಾಗೋದಲ್ಲಿ ಡಾಕ್ಟರುಗಳ ಸಂಘದ ಮುಂದೆ ಒಬಾಮಾ, ನಿಮ್ಮ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು, ಯಾರೂ ಕಿತ್ತುಕೊಳ್ಳೋದಿಲ್ಲ ಅಂದಿದ್ದರು. ಸೆಪ್ಟೆಂಬರ್‌ನಲ್ಲಿ ಮಾತು ಕೊಂಚ ಬದಲಾಗಿದೆ. ಕೆಲಸದ ಮೂಲಕ, ಮೆಡಿಕೇರ್, ಬಡವರಿಗಿರುವ ಮೆಡಿಕೇಡ್ ಅಥವಾ ಮಾಜಿ ಸೈನಿಕರ ಇಲಾಖೆಯಿಂದ ವಿಮೆ ಇದ್ದವರು ಏನನ್ನೂ ಬದಲಾಯಿಸಬೇಕಿಲ್ಲ ಅನ್ನುತ್ತಾರೆ. ಸ್ವಂತ ದುಡ್ಡಲ್ಲಿ ವಿಮೆ ಕೊಂಡವರು ಆ ಪಟ್ಟಿಯಲ್ಲಿ ಇಲ್ಲ. ಅಂದ್ರೆ ಪಕ್ಕದ ಮನೆಯವರು ಇಲ್ಲ. ವಿರೋಧ ಪಕ್ಷ ಅಂತ ಇರೋದು ಇಂಥ ಬಿರುಕಿಗೆ ಬೆರಳಿಡೋದಕ್ಕೆ ಅಲ್ವಾ? ಮರುದಿನ ಪೇಪರ್, ಟಿವಿ, ನಮ್ಮ ಆಫೀಸಿನ ಕಾಫಿ ಮೂಲೆ, ಎಲ್ಲ ಕಡೆ ವಿಲ್ಸನ್ ಕೂಗಿದ್ದೇ ಮಾತು. ಪಟ್ಟಿಯಲ್ಲಿ ಯಾರು ಇಲ್ಲ ಅಂತ ನಾನಂತೂ ನೋಡಲಿಲ್ಲ.

ಮರ್ಯಾದೆಯಿಂದ ಕೇಳಿದವರು ಇರಲಿಲ್ಲ ಅಂತಲ್ಲ. 2010ರ ಫೆಬ್ರವರಿ 25ರಂದು ವಾಷಿಂಗ್ಟನ್ನಿನ ಬ್ಲೇರ್ ಹೌಸ್‌ನಲ್ಲಿ ಎರಡೂ ಪಕ್ಷದವರು ಒಂದೇ ಮೇಜಿನ ಸುತ್ತ ಏಳು ಗಂಟೆ ಕೂತು ಮಾತಾಡಿದರು, ಟಿವಿ ಮುಂದೆಯೇ. ರಿಪಬ್ಲಿಕನ್ ನಾಯಕ ಎರಿಕ್ ಕ್ಯಾಂಟರ್, ಇದ್ದ ವಿಮೆ ಬದಲಾಯಿಸಬೇಕಾಗಿ ಬರುವ ಲಕ್ಷಾಂತರ ಜನರ ಬಗ್ಗೆ ಕೇಳಿದರು. ಸರಿಯಾದ ಪ್ರಶ್ನೆ. ಆದ್ರೆ ಮಸೂದೆಯ ಎರಡು ಸಾವಿರಕ್ಕೂ ಜಾಸ್ತಿ ಪುಟಗಳನ್ನು ಗುಡ್ಡೆ ಮಾಡಿ ಮುಂದೆ ಇಟ್ಟುಕೊಂಡಿದ್ದರು. ಒಬಾಮಾ ಆ ಗುಡ್ಡೆಯನ್ನೇ ಹಿಡಿದುಕೊಂಡರು, ಇಂಥ ಪ್ರದರ್ಶನದಿಂದಲೇ ಮಾತುಕತೆ ಕೆಡೋದು ಅಂತ. ಏಳು ಗಂಟೆಯ ಆ ಮಾತು ಇವತ್ತು ಯಾರಿಗೆ ನೆನಪಿದೆ? ಇಂಗ್ಲಿಷಿನಲ್ಲಿ ಎರಡೇ ಪದದ ವಿಲ್ಸನ್ ಕೂಗು ಎಲ್ಲರಿಗೂ ನೆನಪಿದೆ.

ಮಾರ್ಚ್ 16ರಂದು ನಮ್ಮ ಕೊಲಂಬಸ್‌ನಲ್ಲೇ ಒಂದು ಘಟನೆ ಆಯ್ತು. ಡೆಮಾಕ್ರಟ್ ಸಂಸದೆ ಮೇರಿ ಜೋ ಕಿಲ್ರಾಯ್ ಕಚೇರಿ ಹೊರಗೆ ಪರ, ವಿರೋಧ ಎರಡೂ ಗುಂಪು ಸೇರಿತ್ತು. ಪಾರ್ಕಿನ್ಸನ್ ಕಾಯಿಲೆ ಇದ್ದ ಒಬ್ಬರು, ನನಗೆ ಪಾರ್ಕಿನ್ಸನ್ ಇದೆ ಅಂತ ಬೋರ್ಡ್ ಹಿಡಿದು ವಿರೋಧಿಗಳ ಎದುರು ನೆಲದ ಮೇಲೆ ಕೂತರು. ಅವರ ಮುಂದೆ ಒಬ್ಬ ಬಗ್ಗಿ, ಬಿಟ್ಟಿ ಬೇಕಾದರೆ ತಪ್ಪು ಜಾಗಕ್ಕೆ ಬಂದಿದ್ದೀಯ ಅಂದ. ಇನ್ನೊಬ್ಬ ಜೇಬಿನಿಂದ ಡಾಲರ್ ನೋಟು ತೆಗೆದು ಅವರ ಮೇಲೆ ಎಸೆದ. ವಿಡಿಯೋ ದೇಶವೆಲ್ಲ ಓಡಾಡಿತು. ನೋಟು ಎಸೆದವನು ಕೆಲವು ದಿನ ಬಿಟ್ಟು ಪತ್ರಿಕೆಯವರ ಹತ್ತಿರ, ನಾನು ಮಾಡಿದ್ದು ನಾಚಿಕೆಗೇಡು ಅಂತ ಒಪ್ಪಿಕೊಂಡ. ಮೊದಲ ವಿಡಿಯೋ ಹಂಚಿಕೊಂಡಿದ್ದ ನಾನು ಆ ಸುದ್ದಿಯನ್ನು ಹಂಚಿಕೊಳ್ಳಲಿಲ್ಲ. ವಿರೋಧಿ ಕೆಟ್ಟವನಾಗಿದ್ದರೆ ನಮಗೂ ಅನುಕೂಲ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 21ರ ರಾತ್ರಿ ಕೆಳಮನೆಯಲ್ಲಿ 219-212ರಲ್ಲಿ ಮಸೂದೆ ಪಾಸಾಯ್ತು. ಒಬ್ಬ ರಿಪಬ್ಲಿಕನ್ನೂ ಪರ ಮತ ಹಾಕಲಿಲ್ಲ. 23ಕ್ಕೆ ಸಹಿ ಬಿತ್ತು. ಆ ವಾರ ಹಲವು ಡೆಮಾಕ್ರಟ್ ಕಚೇರಿಗಳ ಕಿಟಕಿ ಗಾಜು ಪುಡಿಯಾದವು. ನಾವು ಮನೆಯಲ್ಲಿ ಪಾಯಸ ಮಾಡಿದ್ದೆವು.

ಆಮೇಲೆ 2013ರ ಅಕ್ಟೋಬರ್. ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಕೈಯಲ್ಲಿ ವಿಮೆ ಕಂಪನಿಯ ಲಕೋಟೆ. ಹೊಸ ಕಾನೂನಿನ ನಿಯಮಕ್ಕೆ ಹೊಂದದ ಕಾರಣ ನಿಮ್ಮ ಪಾಲಿಸಿ ವರ್ಷದ ಕೊನೆಗೆ ಮುಗಿಯುತ್ತೆ ಅಂತ ಬರೆದಿತ್ತು. ಆ ಚಳಿಗಾಲ ಇಂಥ ಲಕ್ಷಾಂತರ ಪತ್ರಗಳು ಹೋದವು. ನವೆಂಬರ್‌ನಲ್ಲಿ ಒಬಾಮಾ ಟಿವಿಯಲ್ಲಿ ಕೂತು, ನನ್ನ ಮಾತು ನಂಬಿದವರಿಗೆ ಹೀಗಾಗಿದ್ದಕ್ಕೆ ಕ್ಷಮಿಸಿ ಅಂದರು. ಪತ್ರ ಓದಿ ನಾನು ಏನು ಹೇಳಲಿ? ಅವರೇ ನಕ್ಕರು. "ಹೊಸ ಪಾಲಿಸಿಯಲ್ಲಿ ಹೆರಿಗೆ ಖರ್ಚೂ ಸೇರಿದೆಯಂತೆ. ನನ್ನ ಹೆಂಡತಿಗೆ 60. ಒಳ್ಳೇ ಸುದ್ದಿ ಇದ್ದರೆ ಮೊದಲು ನಿನಗೇ ಹೇಳ್ತೀನಿ." ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವತ್ತು ಸಂಜೆ ಸರ್ಕಾರದ ಹೊಸ ವೆಬ್‌ಸೈಟಿನಲ್ಲಿ ಅವರಿಗೆ ಬೇರೆ ಪಾಲಿಸಿ ಹುಡುಕಲು ಕೂತೆವು. ಅದು ಅಕ್ಟೋಬರ್ 1ಕ್ಕೆ ಶುರುವಾದ ದಿನದಿಂದಲೇ ತಲೆ ತಿರುಗಿ ಬೀಳುತ್ತಿತ್ತು. ನಾಲ್ಕು ಸಂಜೆ ಬೇಕಾಯ್ತು. ನಾಲ್ಕನೇ ದಿನ ನನ್ನ ಹೆಂಡತಿ ಚಿತ್ರಾನ್ನ ಮಾಡಿದ್ದಳು. ಕಡಲೆಬೀಜ ಮಾತ್ರ ಆರಿಸಿ ಆರಿಸಿ ತಿಂದರು.

ನಮ್ಮ ಕಡೆಯವರು ಸಾಚಾ ಅಂತೇನೂ ಅಲ್ಲ. ಫ್ಲೋರಿಡಾದ ಡೆಮಾಕ್ರಟ್ ಅಲನ್ ಗ್ರೇಸನ್ 2009ರಲ್ಲೇ ಸದನದಲ್ಲಿ ನಿಂತು, ಕಾಯಿಲೆ ಬಿದ್ದರೆ ಬೇಗ ಸತ್ತುಹೋಗಿ ಅನ್ನೋದೇ ರಿಪಬ್ಲಿಕನ್ನರ ಯೋಜನೆ ಅಂದಿದ್ದರು. ನಾನು ಚಪ್ಪಾಳೆ ಹೊಡೆದಿದ್ದೆ. 2017ರಲ್ಲಿ ಕಾನೂನು ರದ್ದು ಮಾಡುವ ಮಸೂದೆ ಕೆಳಮನೆಯಲ್ಲಿ ಪಾಸಾದಾಗ ಡೆಮಾಕ್ರಟರು ಎದುರಿನವರಿಗೆ ಕೈ ಬೀಸಿ ಬೈಬೈ ಹಾಡು ಹಾಡಿದರು, ಮುಂದಿನ ಚುನಾವಣೆಯಲ್ಲಿ ಮನೆಗೆ ಹೋಗ್ತೀರಿ ಅಂತ. ಕೋಟ್ಯಂತರ ಜನರ ವಿಮೆಯ ಪ್ರಶ್ನೆ ಅದು. ಹಾಡೋ ಹೊತ್ತಾ?

ಒಳ್ಳೆಯವರೂ ಜಾರುತ್ತಾರೆ. ಯೂಟಾದ ಒರಿನ್ ಹ್ಯಾಚ್ ರಿಪಬ್ಲಿಕನ್, ಟೆಡ್ ಕೆನಡಿ ಡೆಮಾಕ್ರಟ್. ಇಬ್ಬರೂ ಗೆಳೆಯರು. 1997ರಲ್ಲಿ ಕೂಡಿ ಬಡ ಮಕ್ಕಳ ವಿಮೆ ಯೋಜನೆ ತಂದವರು. ಅದೇ ಹ್ಯಾಚ್ 2018ರಲ್ಲಿ ಒಬಾಮಾಕೇರ್ ಬೆಂಬಲಿಗರನ್ನು ತಾನು ಕಂಡ ಅತಿ ಪೆದ್ದರು ಅಂದರು. ಅದರ ಜೊತೆಗಿದ್ದ ಪದ ಇಲ್ಲಿ ಬರೆಯಲ್ಲ. ಆಮೇಲೆ ತಮಾಷೆ ಅಂದರು.

ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರಿಗೂ ಇದರ ಬಿಸಿ ತಟ್ಟಿತು. ಈ ಕಾನೂನಿನ ಪರ ಡಾಕ್ಟರುಗಳ ಸಂಘಟನೆ ಕಟ್ಟಿದ್ದರು, ಬಂದೂಕು ಹಾವಳಿಯೂ ಆರೋಗ್ಯದ ಪ್ರಶ್ನೆಯೇ ಅಂದಿದ್ದರು. ಸರ್ಜನ್ ಜನರಲ್, ಅಂದ್ರೆ ದೇಶದ ಆರೋಗ್ಯದ ಬಗ್ಗೆ ಜನರಿಗೆ ಸಲಹೆ ಕೊಡೋ ಸರ್ಕಾರಿ ವೈದ್ಯರ ಹುದ್ದೆಗೆ 2013ರಲ್ಲಿ ಹೆಸರು ಬಂದರೂ ಮೇಲ್ಮನೆಯಾದ ಸೆನೆಟ್ ಒಪ್ಪಿದ್ದು ಒಂದು ವರ್ಷ ಕಳೆದು, 51-43ರಲ್ಲಿ.

ನನಗೆ ಪದೇ ಪದೇ ನೆನಪಾಗೋದು ಜಾನ್ ಮೆಕೇನ್, ಒಬಾಮಾ ಎದುರು ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರಿಪಬ್ಲಿಕನ್ ಸೆನೆಟರ್. 2008ರ ಅಕ್ಟೋಬರ್‌ನಲ್ಲಿ ಮಿನೆಸೋಟಾದ ಸಭೆಯಲ್ಲಿ ಒಬ್ಬಾಕೆ ಒಬಾಮಾ ಅರಬ್ ಅಂದಾಗ ಅವಳ ಕೈಯಿಂದ ಮೈಕ್ ತಗೊಂಡು, ಇಲ್ಲಮ್ಮ, ಅವರು ಮರ್ಯಾದಸ್ಥ ಸಂಸಾರಸ್ಥ, ನಮಗಿರೋದು ಅಭಿಪ್ರಾಯ ಭೇದ ಅಷ್ಟೇ ಅಂದರು. ಅರಬ್ ಅಲ್ಲ ಅಂದರೆ ಮರ್ಯಾದಸ್ಥ ಅನ್ನೋ ಉತ್ತರದಲ್ಲಿ ಒಂದು ಎಡವಟ್ಟಿದೆ, ನಿಜ. ಆದ್ರೂ ತನ್ನದೇ ಜನ ಗೊಣಗಿದರೂ ಹೇಳಿದರಲ್ಲ. ಮುಂದೆ ಇದೇ ಕಾನೂನಿಗೆ ವಿರುದ್ಧ ಮತ ಹಾಕಿದರು. 2017ರ ಜುಲೈ 28ರ ನಡುರಾತ್ರಿ ಕಳೆದ ಮೇಲೆ, ಮಿದುಳು ಕ್ಯಾನ್ಸರಿನ ಆಪರೇಷನ್ ಗಾಯ ಕಣ್ಣಿನ ಮೇಲೆ ಹಾಗೇ ಇರುವಾಗ, ಸೆನೆಟ್‌ನಲ್ಲಿ ಹೆಬ್ಬೆರಳು ಕೆಳಗೆ ಮಾಡಿ ಅದರ ರದ್ದತಿಯನ್ನೂ ತಡೆದರು. 49-51. ಕಾನೂನು ಅವರಿಗೆ ಆಗಲೂ ಇಷ್ಟವಿರಲಿಲ್ಲ. ಎರಡೂ ಕಡೆಯವರು ಕೂತು, ಚರ್ಚಿಸಿ, ಸರಿಯಾದ ರೀತಿಯಲ್ಲಿ ಮಾಡಿ ಅನ್ನೋದು ಅವರ ಹಟ. ಮುಂದಿನ ವರ್ಷ ಆಗಸ್ಟ್ 25ಕ್ಕೆ ತೀರಿಕೊಂಡರು. ಒಂಬತ್ತು ವರ್ಷ ಹಿಂದೆ ಅದೇ ತಾರೀಖಿಗೆ, ಅದೇ ಕಾಯಿಲೆಯಿಂದ ಟೆಡ್ ಕೆನಡಿ ಹೋಗಿದ್ದರು.

ಪಕ್ಕದ ಮನೆಯವರಿಗೆ ಈಗ ಮೆಡಿಕೇರ್ ಇದೆ, ಮಂಡಿ ಆಪರೇಷನ್ನೂ ಆಗಿದೆ. ಒಬಾಮಾಕೇರ್ ಕಂಡರೆ ಈಗಲೂ ಆಗಲ್ಲ. ಹೋದ ತಿಂಗಳು ಬೇಲಿ ಹತ್ತಿರ ನಿಂತು, ಈ ಸಬ್ಸಿಡಿಗೆಲ್ಲ ದುಡ್ಡು ಎಲ್ಲಿಂದ ತರ್ತಾರೆ ಹೇಳು ಅಂದರು. ನಾಲಿಗೆ ತುದಿಗೆ ಒಂದು ಮಾತು ಬಂದಿತ್ತು. ನನಗೆ ಪೂರ್ತಿ ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂದೆ. ಮೂರು ದಿನ ಬಿಟ್ಟು ನಾಲ್ಕು ಹಾಳೆ ಪ್ರಿಂಟ್ ತೆಗೆದುಕೊಂಡು ಅವರ ಮನೆಗೆ ಹೋದೆ. ಕನ್ನಡಕ ಹುಡುಕಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಎರಡು ಕಡೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಗುರುತು ಹಾಕಿದರು. ಒಪ್ಪಲಿಲ್ಲ. ಕಾಫಿ ಕೊಟ್ಟರು. ಸಕ್ಕರೆ ಇರಲಿಲ್ಲ. ನಾನು ಸಕ್ಕರೆ ಹಾಕಿಕೊಂಡು ಕುಡಿಯೋನು ಅನ್ನೋದು ಇಷ್ಟು ವರ್ಷವಾದರೂ ಅವರಿಗೆ ನೆನಪಿರೋದಿಲ್ಲ.