ಒಂದ ಹಾಡ ಹಾಡಿ ಹೋಗ್ತೇನ್ರಿ, ಅರ್ಜೆಂಟ್ ಐತಿ

ಹುಬ್ಬಳ್ಳಿಯಲ್ಲಿ ರಿಟೈರಾದವರು ಸಿಕ್ಕರೆ ಮೊದಲು ಮೊಣಕಾಲಿನ ಸಮಾಚಾರ ಕೇಳುವ ರೂಢಿ ಇತ್ತು. ಈಗ ಗಂಟಲಿನದು ಕೇಳಬೇಕು. ಮೊನ್ನೆ ಉಣಕಲ್ ಕೆರೆ ದಂಡೆಯ ಮೇಲೆ ನಮ್ಮ ಓಣಿಯ ಕಾಕಾ ವಾಕಿಂಗ್ ಹೊರಟಿದ್ದರು. "ಅರಾಮ ಇದ್ದೀರೇನ್ರಿ ಕಾಕಾರ?" ಅಂದೆ. ಕೊರಳಿಗೆ ಸುತ್ತಿದ್ದ ಮಫ್ಲರ್ ಮುಟ್ಟಿ, ತಲೆ ಅಲ್ಲಾಡಿಸಿ, ಮಾತಾಡುವಂತಿಲ್ಲ ಎಂದು ಕೈಸನ್ನೆ ಮಾಡಿದರು. ಮೇ ತಿಂಗಳು, ಬೆಳಿಗ್ಗೆ ಎಂಟಕ್ಕೇ ನೆತ್ತಿ ಕಾದಿತ್ತು. ಕಾಕಾರಿಗೆ ರೋಗವೇನೂ ಇರಲಿಲ್ಲ, ಐತವಾರ ಕರೋಕೆ ಇತ್ತು.

ಅವಳಿ ನಗರದಲ್ಲಿ ಈಗ ಹೋಮ ಬಿಟ್ಟರೂ ಗೃಹಪ್ರವೇಶ ಆಗುತ್ತದೆ, ಕರೋಕೆ, ಅಂದರೆ ಬರೀ ವಾದ್ಯದ ಟ್ರ್ಯಾಕ್ ಹಚ್ಚಿ ಅದರ ಮೇಲೆ ಮೈಕ್ ಹಿಡಿದು ಹಾಡುವುದು, ಬಿಟ್ಟರೆ ಆಗುವುದಿಲ್ಲ. ಅರವತ್ತರ ಶಾಂತಿಗೆ ಅದೇ, ನಿಶ್ಚಯಕ್ಕೆ ಅದೇ. ಒಂದು ಕುಬಸದ ಕಾರ್ಯಕ್ರಮದಲ್ಲಿ ಮಾವನವರು ವಿರಹಗೀತೆ ಹಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತುಂಬು ಬಸುರಿ ಸೊಸೆ ಹಸಿರು ಬಳೆ ತೊಟ್ಟು ಕೂತಿದ್ದಾಳೆ, ಇವರು ಆಕೆಯ ಕಡೆ ಕೈ ಚಾಚಿ "ನನ್ನ ಬಿಟ್ಟು ಹೋದೆಯಾ" ಎನ್ನುವ ಅರ್ಥದ್ದೇನನ್ನೋ ಹಾಡುತ್ತಿದ್ದಾರೆ. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏನೂ ಅನ್ನಲಿಲ್ಲ. ನಮ್ಮ ಕಡೆ ಮಂದಿ ಮೋಟರ್‌ಸೈಕಲ್ ತಾಗಿದರೆ ಬಾಯಿ ಮಾಡುತ್ತಾರೆ, ಹಾಡು ತಾಗಿದರೆ ಸುಮ್ಮನಿರುತ್ತಾರೆ.

ಐತವಾರ ಕಾಕಾ ನನ್ನನ್ನೂ ತಮ್ಮ ಕಾರಿನಲ್ಲಿ ಹಾಕಿಕೊಂಡು ವಿದ್ಯಾನಗರದ ಕಡೆಯ ಒಂದು ಹಾಲಿಗೆ ಒಯ್ದರು. ಹೊರಗೆ ಬ್ಯಾನರ್. ಅದರಲ್ಲಿ ಗಾಯಕರ 42 ಫೋಟೋ, ಎಲ್ಲರ ಕೈಯಲ್ಲೂ ಮೈಕ್. ಪ್ರವೇಶ ಎಲ್ಲರಿಗೂ ಉಚಿತ, ಹಾಡುವವರಿಗೆ ಮಾತ್ರ 500 ರೂಪಾಯಿ. ಅದರಲ್ಲಿ ಒಂದು ಹಾಡು, ಒಂದು ಸ್ಮರಣಿಕೆ, ಮುಖ್ಯ ಅತಿಥಿಗಳ ಜೊತೆ ಒಂದು ಫೋಟೋ, ಗಿರಮಿಟ್ಟು, ಚಹಾ ಬರುತ್ತದೆ. ಡ್ಯುಯೆಟ್ ಆದರೆ 800. ಹಾಡಿದವನಿಗೆ ಕೇಳುವವರು ದುಡ್ಡು ಕೊಡುತ್ತಿದ್ದ ಕಾಲ ಹೋಯಿತು, ಹಾಡುವವನೇ ಕೊಡುವ ಕಾಲ ಬಂದಿದೆ. ಇದೇ ಲೆಕ್ಕದಲ್ಲಿ ನಡೆದರೆ ಇನ್ನು ಕೆಲವೇ ವರ್ಷಕ್ಕೆ ಕೇಳಿದವನಿಗೂ ಪಗಾರ ಕೊಡಬೇಕಾದೀತು. ನಾನು ಆ ನೌಕರಿಗೆ ಅರ್ಜಿ ಹಾಕಬೇಕೆಂದಿದ್ದೆ. ಕಾಕಾ ನನ್ನ ಹೆಸರಲ್ಲೂ 500 ಕಟ್ಟಿಬಿಟ್ಟಿದ್ದರು. ಸರದಿಯಲ್ಲಿ ನನ್ನದು 19, ಅವರದು 42.

ಕರೋಕೆಗೆ ಶಿಷ್ಟಾಚಾರ ಇಲ್ಲವೆಂದು ಯಾರೂ ಹೇಳಬಾರದು. ಭಾಳ ಕಟ್ಟುನಿಟ್ಟಾದದ್ದೇ ಇದೆ. ಮೊದಲನೆಯದು ಕ್ಷಮಾಪಣೆ. ಮೈಕ್ ಹಿಡಿದವರು ನೇರ ಹಾಡುವಂತಿಲ್ಲ. "ಎಲ್ಲಾರಿಗೂ ನಮಸ್ಕಾರ್ರಿ. ಖರೇ ಹೇಳ್ಬೇಕಂದ್ರ ಇವತ್ತ ನನಗ ಗಂಟಲ ಭಾಳ ಹಿಡದದ. ನಿನ್ನೆಯಿಂದ ದನೀನ ಇಲ್ಲ. ಆದ್ರೂ ನಿಮ್ಮ ಪ್ರೀತಿಗೆ ಒಂದ ಪ್ರಯತ್ನ ಮಾಡ್ತೇನಿ" ಎನ್ನಬೇಕು. 42 ಮಂದಿಯಲ್ಲಿ 42 ಮಂದಿಗೂ ಅಂದು ಗಂಟಲು ಹಿಡಿದಿತ್ತು. ಹೊಸಬರಾರಾದರೂ ಇದ್ದಿದ್ದರೆ ಊರಲ್ಲಿ ಏನೋ ಸಾಂಕ್ರಾಮಿಕ ಎದ್ದಿದೆ ಎಂದು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಓಡಿಬಿಡುತ್ತಿದ್ದರು. ಇನ್ನು "ನಿಮ್ಮ ಪ್ರೀತಿಗೆ" ಎಂದರೆ ಯಾರ ಪ್ರೀತಿಗೆ ಅಂತ ನಾನು ಸುತ್ತ ನೋಡಿದೆ. ಮುಂದಿನ ಸಾಲಿನವರು ತಮ್ಮ ಟ್ರ್ಯಾಕಿಗೆ ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು.

ಎರಡನೆಯದು ಎಕೋ. "ಹಲೋ, ಹಲೋ, ಎಕೋ ಥೋಡೆ ಜಾಸ್ತಿ ಮಾಡಪಾ" ಎನ್ನದೆ ಹಾಡು ಶುರುವಾಗದು. ಹಿಂದಿನವನು ಹೆಚ್ಚಿಸಿದ್ದರ ಮೇಲೆ ಇವನು ಹೆಚ್ಚಿಸಬೇಕು, ಕಡಿಮೆ ಮಾಡಿ ಹೋದವರು ಈತನಕ ಯಾರೂ ಇಲ್ಲ. ಹದಿನೈದನೆಯವರ ಹೊತ್ತಿಗೆ ಒಬ್ಬರು ಹಾಡಿದರೆ ನಾಲ್ಕು ಜನ ಹಾಡಿದ ಹಾಗೆ. ಅಂದರೆ 500 ರೂಪಾಯಿಗೆ ನಾಲ್ಕು. ಲೆಕ್ಕ ಹಾಕಿದರೆ ಲಾಭವೇ.

ಈ ಯಂತ್ರ ಹುಟ್ಟಿದ ಕಥೆ ಗೊತ್ತಿದ್ದವರಿಗೆ ಇದೆಲ್ಲ ನೋಡಿ ಮತ್ತಿಷ್ಟು ಸೋಜಿಗ ಆಗುತ್ತದೆ. ಜಪಾನಿನ ಕೋಬೆಯಲ್ಲಿ ಡೈಸುಕೆ ಇನೌಯೆ ಎಂಬ ವಾದಕ ಬಾರುಗಳಲ್ಲಿ ಹಾಡುವ ಗಿರಾಕಿಗಳಿಗೆ ಕೀಬೋರ್ಡ್ ಸಾಥ್ ಕೊಡುತ್ತಿದ್ದ. ಗಿರಾಕಿ ತಾಳ ತಪ್ಪಿದರೆ ಈತ ಅಲ್ಲೇ ನಿಂತು ಕಾಯುತ್ತಿದ್ದ, ಓಡಿದರೆ ಹಿಂದೆ ಓಡುತ್ತಿದ್ದ. ಒಬ್ಬ ಕಂಪನಿ ಮಾಲೀಕ ತಾನು ಪ್ರವಾಸ ಹೋಗುವಾಗ ಜೊತೆಗೆ ಬಾ ಅಂದ. ಹೋಗಲಾಗದೆ ಇನೌಯೆ ತನ್ನ ವಾದನವನ್ನು ಟೇಪಿನಲ್ಲಿ ತುಂಬಿ ಕಳಿಸಿದ. ಅಲ್ಲಿಂದ 1971ರಲ್ಲಿ ನಾಣ್ಯ ಹಾಕಿದರೆ ನುಡಿಯುವ ಪೆಟ್ಟಿಗೆ ತಯಾರಾಯಿತು. ಪೇಟೆಂಟ್ ತೆಗೆಸಲಿಲ್ಲ ಪುಣ್ಯಾತ್ಮ. 2004ರಲ್ಲಿ ಅವನಿಗೆ ಇಗ್ ನೊಬೆಲ್ ಎಂಬ ಚೇಷ್ಟೆಯ ಬಹುಮಾನ ಕೊಟ್ಟರು, ಅದೂ ಶಾಂತಿಗೆ. ಮನುಷ್ಯರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಕ್ಕೆ ಹೊಸ ದಾರಿ ತೋರಿಸಿದನಂತೆ. ಆ ಬಹುಮಾನದವರನ್ನು ಒಂದು ಸಲ ವಿದ್ಯಾನಗರಕ್ಕೆ ಕರೆಸಬೇಕು. 42ರ ತನಕ ಕೂಡಿಸಬೇಕು.

ಕರೋಕೆ ಎಂದರೆ ಜಪಾನಿಯಲ್ಲಿ ಖಾಲಿ ವಾದ್ಯವೃಂದ. ಅಲ್ಲಿಯವರು ಅದಕ್ಕೆಂದೇ ಸಣ್ಣ ಸಣ್ಣ ಖೋಲಿ ಕಟ್ಟಿದ್ದಾರೆ. ಗಂಟೆ ಲೆಕ್ಕದ ಬಾಡಿಗೆ, ಸಪ್ಪಳ ಹೊರಗೆ ಹೋಗದ ಗೋಡೆ, ಒಳಗೆ ಗೊತ್ತಿದ್ದವರು ನಾಲ್ಕೋ ಐದೋ ಮಂದಿ. ಸರದಿ ಪ್ರಕಾರ ಒಬ್ಬೊಬ್ಬರು ಒಂದು ಹಾಡು ಹಾಡಿ ಮೈಕ್ ಕೈ ಬದಲಿಸುತ್ತಾರೆ. ನಾವು ಯಂತ್ರ ತಂದೆವು, ಖೋಲಿ ತರಲಿಲ್ಲ. ಫಿಲಿಪ್ಪೀನ್ಸಿನಲ್ಲಿ ಕರೋಕೆ ಜಗಳ ಕೊಲೆಯ ತನಕ ಹೋದದ್ದುಂಟು. ಹುಬ್ಬಳ್ಳಿ ಮಂದಿ ಅಷ್ಟಕ್ಕೆ ಹೋಗುವವರಲ್ಲ. ಎದ್ದು ಮನೆಗೆ ಹೋಗುತ್ತಾರೆ.

ಇದು ಎಂಥ ನೆಲ ಅಂತ ಹೇಳಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಅವರ ಕೈಕೆಳಗೆ ಕಲಿತ ಗಂಗೂಬಾಯಿ ಹಾನಗಲ್ಲರು, ಗದಗ ಸೀಮೆಯಿಂದ ಹುಡುಗುತನದಲ್ಲೇ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ ಭೀಮಸೇನ ಜೋಶಿಯವರು, ಧಾರವಾಡದ ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು. ಇವರ ಹಿಂದೂಸ್ತಾನಿ ಬೈಠಕ್‌ಗಳಲ್ಲಿ ಕಿರಿಯರು ಮೊದಲು ಹಾಡಬೇಕು, ಹಿರಿಯರದು ಕಡೆಗೆ. ಹಾಡಿಯಾದ ಕಿರಿಯ ಎದ್ದು ಹೋಗುವ ಮಾತೇ ಇಲ್ಲ. ಗುರುವಿನ ಹೆಸರು ಬಂದರೆ ಗೌರವಕ್ಕೆ ಕೈ ತಾನಾಗಿ ಕಿವಿಗೆ ಹೋಗಬೇಕು. ನಮ್ಮ ಕರೋಕೆಯಲ್ಲೂ ಕೈ ಕಿವಿಗೆ ಹೋಗುತ್ತದೆ. ವೇದಿಕೆ ಮೇಲಿನ ಸ್ಪೀಕರ್ ಸರಿಯಾಗಿ ಕೇಳಿಸುವುದಿಲ್ಲ.

ತಂಬೂರಿ ಶ್ರುತಿಯಾಗಲು ಹಿಡಿಯುತ್ತಿದ್ದಷ್ಟು ಹೊತ್ತು ಈಗ ಮೊಬೈಲ್ ಬ್ಲೂಟೂತಿಗೆ ಕೂಡಲು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸಭೆಗೆಲ್ಲ ಅವರ ಮನೆಯವರ ಮೆಸೇಜು "ಬರೂಮುಂದ ಕೊತ್ತಂಬರಿ ತರ್ರಿ" ಎಂದು ಪರದೆ ಮೇಲೆ ಕಾಣುತ್ತದೆ. ಪೇಟಿ ಬಾರಿಸುವವ ಇದ್ದಾಗ ಗಾಯಕ ಮರೆತರೆ ಎರಡು ಸುತ್ತು ಹೆಚ್ಚಿಗೆ ಬಾರಿಸಿ ಮಾನ ಮುಚ್ಚುತ್ತಿದ್ದ. ಟ್ರ್ಯಾಕಿಗೆ ಆ ಕರುಣೆ ಇಲ್ಲ. 7ನೇ ನಂಬರಿನ ಸಾಹೇಬರು ಪಲ್ಲವಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ಚರಣಕ್ಕೆ ಹೋಗಿತ್ತು. ಅವರು ಚರಣಕ್ಕೆ ಬಂದಾಗ ಕೊಳಲು ಮುಗಿಸಿ ಎರಡನೇ ಚರಣ. ಕಡೆಗೆ ಸಂಗೀತ ನಿಂತು ಅರ್ಧ ನಿಮಿಷದ ಮೇಲೆ ಇವರು ಒಬ್ಬರೇ ಮುಕ್ತಾಯಕ್ಕೆ ಬಂದು ತಲುಪಿದರು. ಅಂದು ಸಂಜೆ ಮಾತು ಸ್ಪಷ್ಟವಾಗಿ ಕೇಳಿಸಿದ್ದು ಆ ಅರ್ಧ ನಿಮಿಷ ಮಾತ್ರ.

ಮಾತಿನದು ಇನ್ನೊಂದು ಕಥೆ. ಕನ್ನಡ ಹಾಡಿನ ಸಾಲುಗಳು ಪರದೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತವೆ. ಅದಕ್ಕೆ ಳಕಾರ ಗೊತ್ತಿಲ್ಲ. ನಲವತ್ತು ವರ್ಷ ಕನ್ನಡದಲ್ಲೇ ಬೈದು, ಕನ್ನಡದಲ್ಲೇ ಸಂಸಾರ ಮಾಡಿದವರು ಆ ಪರದೆ ಕಂಡ ಕೂಡಲೇ ಬಾಳನ್ನು ಬಾಲು ಮಾಡುತ್ತಾರೆ, ಒಳಗಿನ ನೋವು ಒಲಗಿನದಾಗುತ್ತದೆ. ಹಾಳಾದ ಮನಸ್ಸು ಹಾಲಾಗುತ್ತದೆ. ಅಕ್ಕಾವರೊಬ್ಬರು ಹೀಗೆ ಹಾಲು ಹಾಲು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹಾಡುತ್ತಿರುವಾಗ, ಎತ್ತರದ ಸ್ವರಕ್ಕೆ ಸರಿಯಾಗಿ ಟ್ರ್ಯಾಕ್ ನಿಂತು ಬನಿಯನ್ ಜಾಹೀರಾತು ಬಂತು. ಐದು ಸೆಕೆಂಡು. ಅಕ್ಕಾವರು ಬಾಯಿ ತೆರೆದವರು ಹಾಗೇ ನಿಂತಿದ್ದು, ಜಾಹೀರಾತು ಮುಗಿದ ಮೇಲೆ ಅದೇ ಸ್ವರಕ್ಕೆ ಬಂದರು. ಇದಕ್ಕೆ ನಾನು ಮನಃಪೂರ್ವಕ ಚಪ್ಪಾಳೆ ಹೊಡೆದೆ. ರಿಯಾಜು ಅಂದರೆ ಅದು.

ಡ್ಯುಯೆಟ್ ಬಗ್ಗೆ ಒಂದೇ ಮಾತು. 800 ಉಳಿಸಲು 500ರಲ್ಲೇ ಗಂಡಿನದೂ ಹೆಣ್ಣಿನದೂ ಒಬ್ಬರೇ ಹಾಡುವವರಿದ್ದಾರೆ. ಅವರಿಗಿಂತ ಕಠಿಣ, ಕೆಳಗೆ ಕೂತು ತಮ್ಮದಲ್ಲದ ಹಾಡಿಗೆ ಗಟ್ಟಿಯಾಗಿ ದನಿಗೂಡಿಸುವವರು. ಇವರು ಮೇಲಿನವರಿಗಿಂತ ಅರ್ಧ ಸಾಲು ಮುಂದಿರುತ್ತಾರೆ, ಹಾಡು ತಮಗೇ ಚಲೋ ಬರುತ್ತದೆಂದು ಸಭೆಗೆ ತಿಳಿಯಲಿ ಅಂತ.

ಆದರೆ ಕರೋಕೆಯ ನಿಜವಾದ ಕಲೆ ಇರುವುದು ಹಾಡುವುದರಲ್ಲಲ್ಲ, ಹೋಗುವುದರಲ್ಲಿ. ಹಾಡುವ ಮುಂಚೆ ಬಂದು ಸಂಘಟಕರ ಕಿವಿಯಲ್ಲಿ, "ನಂದೊಂದ ಹಾಡ ಲಗೂನ ತೊಗೊಂಡಬಿಡ್ರಿ ಅಣ್ಣಾರ, ಒಂದ ಹಾಡ ಹಾಡಿ ಹೋಗ್ತೇನಿ, ಅರ್ಜೆಂಟ್ ಐತಿ." ಒಬ್ಬರ ಅರ್ಜೆಂಟ್ ಬೀಗರು ಬಂದದ್ದು, ಒಬ್ಬರದು ಬಿ.ಪಿ. ಗುಳಿಗೆ, ಧಾರವಾಡದವರದು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು. ಚಿಗರಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ, ತನ್ನದೇ ರಸ್ತೆ ಇದೆ, ಸಂಜೆ ಏಳಕ್ಕೆ ಕೊನೆಯದೇನಲ್ಲ. ಆದರೂ ಹಾಡು ಮುಗಿದ ಕೂಡಲೇ ಅದು ತಪ್ಪುತ್ತದೆ. ಒಬ್ಬರು ಹಾಡಿಳಿದರೆ ಹೆಂಡತಿ, ಮಗ, ಸೊಸೆ, ವಿಡಿಯೋ ಮಾಡಿಕೊಂಡ ಮೊಮ್ಮಗಳು, ಎಲ್ಲ ಸೇರಿ ಐದು ಕುರ್ಚಿ ಖಾಲಿ. ಮುಖ್ಯ ಅತಿಥಿಗಳು ಭಾಷಣದಲ್ಲಿ ಸಂಗೀತ ಕೇಳಿದರೆ ಆಯುಷ್ಯ ಹೆಚ್ಚುತ್ತದೆಂದು ಹೇಳಿ, ಮೂರನೆಯ ಹಾಡಿಗೆ ಶಾಲು ಹೊದಿಸುವುದಕ್ಕೂ ಕಾಯದೆ ಹೋದರು. ಶಾಲು ಟೇಬಲ್ ಮೇಲೇ ಉಳಿಯಿತು.

ನಾನು 19ನೆಯವನಾಗಿ ಹಾಡಿದೆ. ಹೇಗೆ ಹಾಡಿದೆ ಎಂದು ಕೇಳಬೇಡಿ, ಗಂಟಲು ಹಿಡಿದಿತ್ತು. ಆಮೇಲೂ ಕೂತಿದ್ದೆ. ರಸಿಕನೆಂದು ತಿಳಿಯಬೇಡಿ, ಕಾರಿನ ಕೀಲಿ ಕಾಕಾರ ಹತ್ತಿರ ಇತ್ತು.

ಸಭೆಯಲ್ಲಿ ಕಡೆತನಕ ಉಳಿಯುವವನು ಕುರ್ಚಿ ಬಾಡಿಗೆಯವನು ಎಂಬ ಹಳೆಯ ಜೋಕು ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ಅದೂ ಸುಳ್ಳಾಯಿತು. ಕುರ್ಚಿಯವನ ಹೆಸರು 37ರಲ್ಲಿತ್ತು. ರಫಿಯವರದೊಂದನ್ನು ಕಣ್ಣು ಮುಚ್ಚಿ ಹಾಡಿದ, ಕೆಳಗಿಳಿದ, ಕುರ್ಚಿಗಳನ್ನು ಒಂದರಲ್ಲಿ ಒಂದು ಪೇರಿಸಿ ಟೆಂಪೋಕ್ಕೆ ಹೇರತೊಡಗಿದ. "ಯಾಕಪಾ, ಇನ್ನೂ ಐದ ಹಾಡ ಅದಾವಲ್ಲಾ?" ಅಂದೆ. "ನಂದ ಆತಲ್ರೀ ಸರ್" ಅಂದ. 38ರಿಂದ ಮುಂದಿನವರು ನಿಂತೇ ಕಾದು, ನಿಂತೇ ಹಾಡಿ, ನಡೆದೇ ಹೊರಟರು.

ಕಾಕಾರ ಪಾಳಿ ಬಂದಾಗ ಹತ್ತು ದಾಟಿತ್ತು. ರಾತ್ರಿ ಹತ್ತರ ಮೇಲೆ ಲೌಡ್‌ಸ್ಪೀಕರ್ ಸಪ್ಪಳ ಹಾಲಿನ ಗೋಡೆ ದಾಟಬಾರದೆಂದು 2000ದ ಶಬ್ದಮಾಲಿನ್ಯ ನಿಯಮವೇ ಇದೆ. ಆದರೆ ಬೆಳಿಗ್ಗೆಯಿಂದ ಮೌನವ್ರತ ಹಿಡಿದು ಕೂತ ಮನುಷ್ಯನಿಗೆ ನಿಯಮ ಹೇಳುವವರು ಯಾರು? ಅವರು ಗಂಟಲಿನ ಮಾತು ಆಡಿದರು, ಎಕೋ ಏರಿಸಿದರು, ಶುರು ಮಾಡಿದರು. ಬಾಗಿಲು ದೂಡಿಕೊಂಡು ಪೊಲೀಸಪ್ಪ ಒಳಗೆ ಬಂದ. "ಯಾರ್ರೀ ಇಲ್ಲಿ ಜವಾಬ್ದಾರಿ?"

ಸಂಘಟಕರು ಪಳಗಿದವರು. "ಬರ್ರಿ ಸಾಹೇಬ್ರ, ಕುಂಡ್ರಿ, ಕುಂಡ್ರಿ" ಎಂದು ಟೆಂಪೋದಿಂದ ಒಂದು ಕುರ್ಚಿ ಇಳಿಸಿದರು, ಟೇಬಲ್ ಮೇಲಿನ ಶಾಲು ಹೊದಿಸಿಯೇ ಬಿಟ್ಟರು. ಯಾವುದೋ ಬಂದೋಬಸ್ತಿನಲ್ಲಿ ಮುಂಜಾನೆಯಿಂದ ನಿಂತ ಕಾಲು ಇರಬೇಕು, ಆತ ಕೂತ. ಆ ಸಂಜೆಯಲ್ಲಿ ಮೊದಲ ಸಲ ಒಬ್ಬ ಮನುಷ್ಯ ವೇದಿಕೆಗೆ ಮುಖ ಮಾಡಿ, ಮೊಬೈಲ್ ಹಿಡಿಯದೆ, ಕಿಸೆಯಲ್ಲಿ ಸರದಿಯ ಚೀಟಿ ಇಲ್ಲದೆ, ಒಂದು ಹಾಡನ್ನು ಪೂರ್ತಿ ಕೇಳಿದ.

ಕಾಕಾ ಇಳಿದು ಸೀದಾ ಅವನ ಹತ್ತಿರ ಹೋದರು. "ಹೆಂಗಾತ್ರೀ ಸಾಹೇಬ್ರ?"

"ಉಣಕಲ್ ಕ್ರಾಸ್ ತನಕಾ ಕೇಳಸ್ತದರಿ. ಮದ್ಲ ಬಂದ್ ಮಾಡ್ರಿ."

ಕಾಕಾ ಕೈ ಮುಗಿದು, "ಎಲ್ಲಾ ಹಿರ್ಯಾರ ಆಶೀರ್ವಾದ" ಅಂದರು.

ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು. ಮಫ್ಲರ್ ಬಿಚ್ಚಿ ಹಿಂದಿನ ಸೀಟಿಗೆ ಒಗೆದರು. ನಮ್ಮ ಓಣಿಯ ತಿರುವಿನಲ್ಲಿ ಗೇರ್ ಬದಲಿಸುತ್ತ ಕೇಳಿದರು: "ಉಣಕಲ್ ಕ್ರಾಸ್ ಅಂದ್ರ ಅಲ್ಲಿಂದ ಎರಡ ಕಿಲೋಮೀಟರ್ ಆಗೂದಿಲ್ಲೇನಪಾ?"