‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಹಾಕಿದರೆ ಮಾಲೀಕರು ಬಚಾವಾ?

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಗೇಟಿಗೆ ನಾಯಿ ಇದೆ ಎಂಬ ಬೋರ್ಡ್ ಹಾಕಿ. ಆಮೇಲೆ ಯಾರಿಗೆ ಕಚ್ಚಿದರೂ ನಿಮ್ಮ ಮೇಲೆ ಕೇಸ್ ಇಲ್ಲ.’

ಇದು ಸುಳ್ಳು. ಹಾಗಂತ ಬೋರ್ಡ್ ಹಾಕುವುದು ವ್ಯರ್ಥ ಅಂತಲ್ಲ. ಎಚ್ಚರಿಸಿದ್ದೀರಿ ಅನ್ನುವುದಕ್ಕೆ ಅದೊಂದು ಸಾಕ್ಷಿ, ಅಷ್ಟೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಎಂಬ ಅಪರಾಧ ಕಾನೂನಿನ 291ನೇ ಸೆಕ್ಷನ್ ಬೋರ್ಡಿನ ಮಾತೇ ಎತ್ತುವುದಿಲ್ಲ. ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗದಂತೆ ಸಾಕಷ್ಟು ಜಾಗ್ರತೆ ವಹಿಸಿದ್ದೀರಾ ಎಂದು ಕೇಳುತ್ತದೆ. ಇಲ್ಲದಿದ್ದರೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕೂ ಮೊದಲಿದ್ದ ಐಪಿಸಿಯಲ್ಲಿ (ಭಾರತೀಯ ದಂಡ ಸಂಹಿತೆ) ಇದೇ 289ನೇ ಸೆಕ್ಷನ್ ಆಗಿತ್ತು. ಪರಿಹಾರ ಬೇಕೆಂದರೆ ಗಾಯಗೊಂಡವರು ಸಿವಿಲ್ ಕೋರ್ಟಿಗೂ ಹೋಗಬಹುದು.

ಕಾಲಿಂಗ್ ಬೆಲ್ ಕಾಂಪೌಂಡಿನ ಒಳಗಿದೆ ಅಂದುಕೊಳ್ಳಿ. ಗ್ಯಾಸ್ ಸಿಲಿಂಡರ್ ತಂದವರು ಚಿಲಕ ತೆಗೆದು ಒಳಗೆ ಬರಲೇಬೇಕು. ನಾಯಿಯನ್ನು ಕಟ್ಟಿಲ್ಲ. ಇಲ್ಲಿ ಬೋರ್ಡ್ ತೋರಿಸಿ ಕೈ ತೊಳೆದುಕೊಳ್ಳುವುದು ಕಷ್ಟ ಅಲ್ವಾ? ಬೆಲ್ ಅನ್ನು ಗೇಟಿನ ಹೊರಗೆ ಹಾಕಿಸಿ, ನಾಯಿಯನ್ನು ಕಟ್ಟಿಹಾಕಿ. ಬೋರ್ಡಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಗ್ಗುಲೂ ಇದೆ. ರಾತ್ರಿ ಗೋಡೆ ಹಾರಿ ಬಂದ ಕಳ್ಳನಿಗೂ ಕರೆದು ಕೂರಿಸಿದ ನೆಂಟರಿಗೂ ಕೋರ್ಟು ಒಂದೇ ಅಳತೆ ಹಿಡಿಯುವುದಿಲ್ಲ. ನಾಯಿಯನ್ನು ಬೇಕಂತಲೇ ಕೆಣಕಿ ಕಚ್ಚಿಸಿಕೊಂಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕಚ್ಚಿಸಿಕೊಂಡವರು ಮೊದಲು ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ವಿಚಾರಿಸಿ. ಗಾಯದ ಫೋಟೋ, ಆಸ್ಪತ್ರೆ ಚೀಟಿ, ಬಿಲ್ಲುಗಳನ್ನು ಎತ್ತಿಟ್ಟುಕೊಳ್ಳಿ.