ಪೋರ್ಟ್ರೇಟ್‌ಗೂ ದಿನಬಳಕೆಗೂ ಒಂದೇ ಲೆನ್ಸ್: 35 ಎಂಎಂ ಎಫ್/1.4 ಕೊಳ್ಳಬೇಕೇ?

ಕ್ಯಾಮೆರಾ ಇದೆ, ಜೊತೆಗೆ ಬಂದ ಕಿಟ್ ಲೆನ್ಸ್ ಸಾಲದಾಗಿದೆ, ಇನ್ನೊಂದು ಒಳ್ಳೆಯ ಲೆನ್ಸ್‌ಗೆ ಆಗುವಷ್ಟು ದುಡ್ಡು ಕೂಡಿದೆ. ಆ ದುಡ್ಡನ್ನು 35 ಎಂಎಂ ಎಫ್/1.4 ಮೇಲೆ ಹಾಕುವುದು ಸರಿಯೇ? (ಎಂಎಂ, ಅಂದರೆ ಫೋಕಲ್ ಲೆಂತ್, ಚಿಕ್ಕದಾದಷ್ಟೂ ನೋಟ ಅಗಲ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು.) ಕೆಳಗಿನ ಲೆಕ್ಕಗಳೆಲ್ಲ ಫುಲ್ ಫ್ರೇಮ್ (36×24 ಮಿಲಿಮೀಟರ್ ಸೆನ್ಸರ್‌ನ) ಕ್ಯಾಮೆರಾಗೆ. ಎಪಿಎಸ್-ಸಿ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರ್, ಇರುವವರು 35ರ ಜಾಗದಲ್ಲಿ 23 (ಕ್ಯಾನನ್ ಆದರೆ 22), 85ರ ಜಾಗದಲ್ಲಿ 56 ಎಂದು ಓದಿಕೊಳ್ಳಬಹುದು. ಆದರೆ ಅದೇ ಎಫ್ ಸಂಖ್ಯೆಗೆ ಹಿನ್ನೆಲೆಯ ಮಸುಕು ಅಲ್ಲಿ ಸುಮಾರು ಒಂದು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಅಂದರೆ ಬೆಳಕಿನ ಲೆಕ್ಕದಲ್ಲಿ ಎರಡು ಪಟ್ಟು ಅಥವಾ ಅರ್ಧ).

ಪರ: ಮನೆಯವರನ್ನು ಮನೆಯ ಸಮೇತ ತೆಗೆಯುವ ಲೆನ್ಸ್

ಪೋರ್ಟ್ರೇಟ್ ಅಂದರೆ 85 ಎಂಎಂ ಎಂಬ ಮಾತು ಹಿಂದೆ ಸರಿಯಲು ಜಾಗ ಇರುವಲ್ಲಿ ನಿಜ. ಮನೆಮಂದಿಯ ಫೋಟೊ ತೆಗೆಯುವುದು ಹೆಚ್ಚಾಗಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಗಳಲ್ಲಿ. ಗೋಡೆಯಿಂದ ಗೋಡೆಗೆ 3.6 ಮೀಟರ್, ಅದರಲ್ಲೇ ಮಂಚ, ಬೀರು, ಬಾಗಿಲು ತೆರೆಯುವ ಜಾಗ ಎಲ್ಲ ಸೇರಬೇಕು. ನಿಂತವರನ್ನು ಅಡಿಯಿಂದ ಮುಡಿಯವರೆಗೆ, ಮೇಲೆ ಕೆಳಗೆ ಸ್ವಲ್ಪ ಉಸಿರಾಡುವಷ್ಟು ಜಾಗ ಬಿಟ್ಟು ತೆಗೆಯಬೇಕೆಂದರೆ ಫ್ರೇಮ್‌ನ ಎತ್ತರ ಎರಡು ಮೀಟರ್ ಬೇಕು. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೂ 85 ಎಂಎಂಗೆ ಅದಕ್ಕೆ 4.7 ಮೀಟರ್ ದೂರ ಬೇಕು, ಅಂದರೆ ಗೋಡೆ ಒಡೆಯಬೇಕು. 35 ಎಂಎಂಗೆ ಎರಡು ಮೀಟರ್ ಸಾಕು.

ಇನ್ನೊಂದು ವಿಷಯ ಅಳತೆಯದ್ದಲ್ಲ. ಅಜ್ಜಿ ಒಲೆಯ ಮುಂದೆ ಕೂತ ಫೋಟೊದಲ್ಲಿ ಒಲೆ, ಹಿಂದಿನ ಡಬ್ಬಗಳ ಸಾಲು, ಕಿಟಕಿಯ ಬೆಳಕು ಕಾಣದೆ ಹೋದರೆ ಅದು ಯಾವ ಮನೆಯ ಅಜ್ಜಿ ಎಂದು ಇಪ್ಪತ್ತು ವರ್ಷ ಕಳೆದ ಮೇಲೆ ಯಾರಿಗೆ ಗೊತ್ತಾಗುತ್ತದೆ? 35 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 54 ಡಿಗ್ರಿ ನೋಡುತ್ತದೆ. ಮನುಷ್ಯರು ದೊಡ್ಡದಾಗಿಯೇ ಇರುತ್ತಾರೆ, ಅವರಿದ್ದ ಜಾಗವೂ ಉಳಿಯುತ್ತದೆ. ಎಫ್/1.4ರಲ್ಲಿ ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಹಿಡಿದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 15 ಸೆಂಟಿಮೀಟರ್. ಎರಡು ಮೀಟರ್‌ಗೆ 27. ಮುಖ ಪೂರ್ತಿ ಚೂಪು, ಹಿಂದಿನ ಗೋಡೆ ಮೆತ್ತಗೆ, ಆದರೆ ಗೋಡೆಯ ಮೇಲಿರುವುದು ಕ್ಯಾಲೆಂಡರೋ ದೇವರ ಪಟವೋ ಎಂದು ಗುರುತು ಹಿಡಿಯುವಷ್ಟು. ಈ ಅರೆಮಸುಕು ಉದ್ದ ಲೆನ್ಸ್‌ಗಳ ಪೂರ್ಣ ಮಸುಕಿಗಿಂತ ಬೇರೆ ಗುಣದ್ದು, ಮತ್ತು ದಿನಬಳಕೆಯ ಫೋಟೊಗೆ ಬೇಕಾದದ್ದು ಇದೇ.

ಬೆಳಕಿನ ಲೆಕ್ಕ ನೋಡೋಣ. ಸಂಜೆ ಒಂದು ಎಲ್ಇಡಿ ಟ್ಯೂಬ್ ಉರಿಯುವ ಕೋಣೆಯಲ್ಲಿ ಎಫ್/1.4 ಇಟ್ಟು ಶಟರ್ 1/125 ಸೆಕೆಂಡ್ ಬೇಕೆಂದರೆ ಐಎಸ್ಒ (ಸೆನ್ಸರ್‌ನ ಸೂಕ್ಷ್ಮತೆ, ಏರಿದಷ್ಟೂ ಫೋಟೊ ಕಾಳುಕಾಳು) 400ರ ಆಸುಪಾಸು ಸಾಕು. ಅದೇ ಜಾಗದಲ್ಲಿ ಕಿಟ್ ಲೆನ್ಸ್ ಎಫ್/4ರಲ್ಲಿದ್ದರೆ 3200. ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕು. ಮಗು ಓಡಾಡುತ್ತಿದ್ದರೆ 1/250 ಬೇಕು. ಆಗ 800 ಮತ್ತು 6400ರ ನಡುವಿನ ವ್ಯತ್ಯಾಸವನ್ನು ಕಪ್ಪು ಕೂದಲಲ್ಲೂ ಮೈಬಣ್ಣದಲ್ಲೂ ಯಾರು ಬೇಕಾದರೂ ಕಾಣಬಹುದು. ಸ್ಟೆಬಿಲೈಸೇಷನ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಅದು ನಮ್ಮ ಕೈನಡುಕವನ್ನು ತಡೆಯುತ್ತದೆ, ಮಗುವಿನ ಓಟವನ್ನಲ್ಲ. ಎಲ್ಇಡಿ ಬೆಳಕಲ್ಲಿ ಫೋಟೊಗೆ ಅಡ್ಡಪಟ್ಟೆ ಬಿದ್ದರೆ ಸೈಲೆಂಟ್ ಶಟರ್ ಬಂದ್ ಮಾಡಿ, 1/100 ಅಥವಾ 1/50ಕ್ಕೆ ಇಳಿಸಬೇಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ.

ಈ ಲೆನ್ಸ್ ಕೆಟ್ಟ ಹೆಸರು ತೆಗೆದುಕೊಳ್ಳುವುದು ಬಳಸುವ ರೀತಿಯಿಂದ. ಮೊದಲನೆಯದು ದೂರ. ಒಬ್ಬರ ಫೋಟೊಗೆ 1.2 ಮೀಟರ್‌ಗಿಂತ ಹತ್ತಿರ ಹೋಗಬಾರದು. ಆ ದೂರದಲ್ಲಿ, ಕ್ಯಾಮೆರಾ ಉದ್ದಕ್ಕೆ ಹಿಡಿದರೆ, ತಲೆಯಿಂದ ತೊಡೆಯವರೆಗೆ ಬರುತ್ತದೆ, ಮೂಗು ಉಬ್ಬುವುದಿಲ್ಲ. ಮುಖ ಇನ್ನೂ ದೊಡ್ಡದು ಬೇಕಿದ್ದರೆ ಮುಂದೆ ಹೆಜ್ಜೆ ಇಡುವ ಬದಲು ಕ್ರಾಪ್ ಮಾಡಬೇಕು. 24 ಮೆಗಾಪಿಕ್ಸೆಲ್ ಫೋಟೊವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ 52 ಎಂಎಂ ನೋಟ ಸಿಕ್ಕು, ಹತ್ತು ಮೆಗಾಪಿಕ್ಸೆಲ್ ಉಳಿಯುತ್ತದೆ. 8×12 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆಯಂತೆ ಬೇಕಾಗುವುದು 8.6 ಮೆಗಾಪಿಕ್ಸೆಲ್.

ಎರಡನೆಯದು ಕ್ಯಾಮೆರಾದ ಎತ್ತರ. ನಿಂತವರನ್ನು ಕಣ್ಣಮಟ್ಟದಿಂದ ಕೆಳಗೆ ಬಾಗಿಸಿ ತೆಗೆದರೆ ತಲೆ ದೊಡ್ಡದು, ಕಾಲು ಚಿಕ್ಕದು. ಹೊಟ್ಟೆಯ ಮಟ್ಟಕ್ಕೆ ಇಳಿದು ನೇರ ಹಿಡಿದರೆ ಅದು ಹೋಗುತ್ತದೆ, ಹಿಂದಿನ ಬಾಗಿಲ ಚೌಕಟ್ಟೂ ನೆಟ್ಟಗೆ ನಿಲ್ಲುತ್ತದೆ.

ಮೂರನೆಯದರಲ್ಲಿ ಬಹಳ ಜನ ಎಡವುತ್ತಾರೆ. ಮಧ್ಯದ ಚುಕ್ಕೆಯಿಂದ ಕಣ್ಣಿಗೆ ಫೋಕಸ್ ಹಿಡಿದು, ಬಟನ್ ಅರ್ಧ ಒತ್ತಿಕೊಂಡೇ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿಮಾಡುವುದು ಹಳೆಯ ಅಭ್ಯಾಸ. 1.2 ಮೀಟರ್ ದೂರದಲ್ಲಿ 20 ಡಿಗ್ರಿ ತಿರುಗಿಸಿದರೆ ಫೋಕಸ್ ನಿಂತ ಸಮತಲ ಕಣ್ಣಿನಿಂದ ಏಳು ಸೆಂಟಿಮೀಟರ್ ಹಿಂದಕ್ಕೆ, ಕಿವಿಯ ಕಡೆಗೆ ಹೋಗುತ್ತದೆ. ಎಫ್/1.4ರಲ್ಲಿ ಆ ದೂರಕ್ಕೆ ಸಿಗುವ ಆಳ ಒಟ್ಟು ಹತ್ತು, ಅಂದರೆ ಹಿಂದೆ ಮುಂದೆ ಐದೈದು. ಕಣ್ಣು ಮಸುಕಾಗದೆ ಇನ್ನೇನಾದೀತು? ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ತರುವ ಮುನ್ನ ಐ ಎಎಫ್ (ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುವ ಸೌಲಭ್ಯ) ಆನ್ ಮಾಡಿ, ಇಲ್ಲವೇ ಫೋಕಸ್ ಚುಕ್ಕೆಯನ್ನೇ ಕಣ್ಣಿನ ಮೇಲೆ ಸರಿಸಿ ಇನ್ನೊಮ್ಮೆ ತೆಗೆದು ನೋಡಬೇಕು.

ಎಫ್/1.8 ಸಾಕಲ್ಲ, ಮುಕ್ಕಾಲು ಸ್ಟಾಪೂ ವ್ಯತ್ಯಾಸವಿಲ್ಲ ಎಂಬ ವಾದವಿದೆ. ಬೆಳಕಿನ ಮಟ್ಟಿಗೆ ಒಪ್ಪೋಣ. ಆದರೆ ಹೆಚ್ಚಿನ ಪೋರ್ಟ್ರೇಟ್‌ಗಳು ಬರುವುದು ಎಫ್/2ರಲ್ಲಿ. ಎಫ್/1.4 ಲೆನ್ಸ್ ಅಲ್ಲಿಗೆ ಬರುವಷ್ಟರಲ್ಲಿ ಪೂರ್ತಿ ಒಂದು ಸ್ಟಾಪ್ ಇಳಿದಿರುತ್ತದೆ: ಮೂಲೆಗಳ ಕತ್ತಲೆ ತಗ್ಗಿರುತ್ತದೆ, ಅಂಚಿನ ಬೆಳಕಿನ ಚುಕ್ಕೆಗಳು ಬಾದಾಮಿಯ ಆಕಾರ ಬಿಟ್ಟು ದುಂಡಗಾಗುತ್ತವೆ. ಎಫ್/1.8 ಲೆನ್ಸ್ ಅಲ್ಲಿ ಹೆಚ್ಚುಕಮ್ಮಿ ಬಾಯಿ ತೆರೆದೇ ಇರುತ್ತದೆ. ತೂಕದ ಮಾತಿಗೆ ಬಂದರೆ, ಸೋನಿಯ 35 ಎಫ್/1.4 ಜಿಎಂ (ಅವರ ದುಬಾರಿ ಸಾಲಿನದ್ದು) 524 ಗ್ರಾಂ ತೂಗುತ್ತದೆ. ಸಿಗ್ಮಾ ಕಂಪನಿಯ 2012ರ 35 ಎಫ್/1.4 ಆರ್ಟ್ 665 ಗ್ರಾಂ ಇತ್ತು. ಕೊರಳಿಗೆ ನೇತುಹಾಕಿಕೊಂಡು ದಿನವಿಡೀ ತಿರುಗುವುದು ಈಗ ಕಷ್ಟವಲ್ಲ.

ಧಾರೆಯ ಹೊತ್ತಿಗೆ ಮಂಟಪದ ಸುತ್ತ ನೋಡಿ. ನಾಲ್ಕು ಮೀಟರ್ ದೂರದಿಂದ ತೆಗೆಯಲು ನಿಂತವರ ಮುಂದೆ ನೆಂಟರ ತಲೆಗಳ ಸಾಲು, ಅದರ ಮುಂದೆ ವಿಡಿಯೊದವರು. ಫೋಟೊ ಸಿಗುವುದು ಒಂದೂವರೆ ಮೀಟರ್ ಹತ್ತಿರ ನುಗ್ಗಿ ಕೂತವರಿಗೆ. ಅಷ್ಟು ಹತ್ತಿರದಲ್ಲಿ ಸೇರಿಸಿದ ಕೈಗಳು, ತೆಂಗಿನಕಾಯಿ, ಹಾಲು ಎರೆಯುವ ಅಮ್ಮನ ಮುಖ ಮೂರನ್ನೂ ಒಂದೇ ಫ್ರೇಮ್‌ಗೆ ತರುವುದು 35. ಕೈ ಒಂದು ಆಳದಲ್ಲಿ, ಮುಖ ಇನ್ನೊಂದರಲ್ಲಿ ಇರುವುದರಿಂದ ಆ ಗಳಿಗೆಗೆ ಎಫ್/2.8ಕ್ಕೆ ಇಳಿಸಿಕೊಳ್ಳಬೇಕು. ಅದು ಮುಗಿದು ಮದುಮಗಳು ತಲೆ ಎತ್ತಿದಾಗ ಮತ್ತೆ 1.4.

ವಿರೋಧ: ಮುಖಕ್ಕೆ ಬೇಕಾದದ್ದು ದೂರ, ದೊಡ್ಡ ಸಂಖ್ಯೆಯ ಬಿಲ್ ಅಲ್ಲ

ಎಫ್/1.4 ಎಂದು ಲೆನ್ಸ್ ಮೇಲೆ ಬರೆದಿದ್ದರೆ ಹಿನ್ನೆಲೆ ಕರಗಿಹೋಗುತ್ತದೆ ಎಂಬ ನಂಬಿಕೆಯಲ್ಲೇ ಈ ಲೆನ್ಸ್ ಮಾರಾಟವಾಗುತ್ತದೆ. ದೂರದ ಹಿನ್ನೆಲೆ ಎಷ್ಟು ಕರಗುತ್ತದೆ ಎಂಬುದು ಎಫ್ ಸಂಖ್ಯೆಯೊಂದರಿಂದ ತೀರ್ಮಾನವಾಗುವುದಿಲ್ಲ. ಮುಖವನ್ನು ಅಷ್ಟೇ ಗಾತ್ರಕ್ಕೆ ಇಟ್ಟುಕೊಂಡರೆ, ತೀರ್ಮಾನಿಸುವುದು ಬೆಳಕು ಒಳಬರುವ ಕಿಂಡಿಯ ನಿಜವಾದ ಅಗಲ: ಫೋಕಲ್ ಲೆಂತ್ ಭಾಗಿಸು ಎಫ್ ಸಂಖ್ಯೆ. 35ನ್ನು 1.4ರಿಂದ ಭಾಗಿಸಿದರೆ 25 ಮಿಲಿಮೀಟರ್. 50 ಎಂಎಂ ಎಫ್/1.8ಗೆ 28. 85 ಎಂಎಂ ಎಫ್/1.8ಗೆ 47. ಕಂಪನಿಯ ಪಟ್ಟಿಯಲ್ಲಿ ಅಗ್ಗದ ಸಾಲಿನಲ್ಲಿರುವ 50 ಎಂಎಂ ಲೆನ್ಸ್ ದುಬಾರಿ 35 ಎಫ್/1.4ಗಿಂತ ಹೆಚ್ಚು ಹಿನ್ನೆಲೆ ಕರಗಿಸುತ್ತದೆ. 85 ಅಂತೂ ಹತ್ತಿರ ಹತ್ತಿರ ಎರಡು ಪಟ್ಟು. ಈ ಭಾಗಾಕಾರವನ್ನು ಅಂಗಡಿಯಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ.

ಇನ್ನು ಮುಖ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಇಟ್ಟುಕೊಳ್ಳಿ. ತಲೆ ಮತ್ತು ಭುಜ ಮಾತ್ರ ಬರುವಂತೆ ತೆಗೆಯಲು 35 ಎಂಎಂ ಹಿಡಿದವರು ಅರ್ಧ ಮೀಟರ್‌ಗೆ ಹೋಗಬೇಕು. ಅಲ್ಲಿಂದ ಮೂಗು ಕಿವಿಗಿಂತ 24 ಶೇಕಡಾ ಹಿಗ್ಗಿ ಕಾಣುತ್ತದೆ. ಅದೇ ಫ್ರೇಮ್ 85ರಲ್ಲಿ 1.2 ಮೀಟರ್‌ನಿಂದ ಸಿಗುತ್ತದೆ, ಹಿಗ್ಗುವಿಕೆ ಹತ್ತು ಶೇಕಡಾ. ಯಾವ ಸಾಫ್ಟ್‌ವೇರ್ ಪ್ರೊಫೈಲ್ (ಲೆನ್ಸಿನ ದೋಷವನ್ನು ತಾನೇ ತಿದ್ದುವ ಆಯ್ಕೆ) ಕೂಡ ಇದನ್ನು ತಿದ್ದುವುದಿಲ್ಲ, ಯಾಕೆಂದರೆ ಇದು ಲೆನ್ಸಿನ ದೋಷವೇ ಅಲ್ಲ, ನಿಂತ ಜಾಗದ್ದು. 1.2 ಮೀಟರ್‌ಗಿಂತ ಹತ್ತಿರ ಹೋಗಬೇಡಿ, ಕ್ರಾಪ್ ಮಾಡಿ ಎಂಬ ಸಲಹೆ ಸರಿಯಾದದ್ದೇ. ಆದರೆ ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್ ಎಸೆದು 52 ಎಂಎಂ ನೋಟ ಪಡೆಯುವುದಾದರೆ 50 ಎಂಎಂ ಲೆನ್ಸನ್ನೇ ಕೊಳ್ಳಬಾರದೇಕೆ?

ಕೋಣೆ ಚಿಕ್ಕದು ಎಂಬ ವಾದವನ್ನೂ ಅಳೆದು ನೋಡಬೇಕು. 85 ಎಂಎಂಗೆ ತಲೆಯಿಂದ ಸೊಂಟದವರೆಗೆ ತೆಗೆಯಲು ಸುಮಾರು 2.1 ಮೀಟರ್ ಸಾಕು. ಹನ್ನೆರಡು ಅಡಿ ಕೋಣೆಯಲ್ಲಿ ಅದು ಸಿಗುತ್ತದೆ. ಸಿಗದೆ ಹೋಗುವುದು ನಿಂತವರ ಪೂರ್ಣ ಎತ್ತರ ಮಾತ್ರ, ಅದಕ್ಕೆ 50 ಎಂಎಂ ಇದೆ, 2.8 ಮೀಟರ್.

ತೂಕದ ಲೆಕ್ಕ ನೋಡಿದರೆ ವಾದ ಇನ್ನೂ ಬಿಗಿಯಾಗುತ್ತದೆ. ಸೋನಿಯದ್ದೇ ಉದಾಹರಣೆ: 50 ಎಫ್/1.8 ಲೆನ್ಸ್ 186 ಗ್ರಾಂ, 85 ಎಫ್/1.8 ಲೆನ್ಸ್ 371 ಗ್ರಾಂ, ಎರಡೂ ಸೇರಿ 557. ಒಂಟಿ 35 ಜಿಎಂ 524. ಬರೀ 33 ಗ್ರಾಂ ಹೆಚ್ಚು ಹೊತ್ತರೆ ಎರಡು ನೋಟ ಕೈಯಲ್ಲಿರುತ್ತವೆ, ಎರಡರಲ್ಲೂ ಹಿನ್ನೆಲೆ ಹೆಚ್ಚು ಕರಗುತ್ತದೆ. ಲೆನ್ಸ್ ಬದಲಿಸುವ ತಾಪತ್ರಯ ಇದೆ, ನಿಜ. ಧಾರೆಯ ಗದ್ದಲದಲ್ಲಿ ಅದು ಆಗದ ಕೆಲಸ. ಆದರೆ ಇಲ್ಲಿನ ಪ್ರಶ್ನೆ ಮದುವೆ ಫೋಟೊಗ್ರಾಫರ್‌ನದ್ದಲ್ಲ, ದಿನಬಳಕೆಯದ್ದು.

ಹಗಲು ಹೊತ್ತಿನಲ್ಲಿ ಎಫ್/1.4 ಏನು ಮಾಡುತ್ತದೆ? ನೆತ್ತಿಯ ಬಿಸಿಲಿಗೆ ಐಎಸ್ಒ 100, ಎಫ್/16, 1/100 ಸರಿಹೊಂದುತ್ತದೆ. ಅಲ್ಲಿಂದ 1.4ಕ್ಕೆ ಏಳು ಸ್ಟಾಪ್, ಶಟರ್ 1/12800 ಆಗಬೇಕು. ಮೆಕ್ಯಾನಿಕಲ್ ಶಟರ್ ಸಾಮಾನ್ಯವಾಗಿ 1/4000ಕ್ಕೋ 1/8000ಕ್ಕೋ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಶಟರ್ ದಾಟಬಹುದು, ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಆಗ ಫ್ಲ್ಯಾಶ್ ಇಲ್ಲ, ಓಡುವ ವಸ್ತು ವಾಲುತ್ತದೆ. ಸಾಮಾನ್ಯ ರೀತಿಯಲ್ಲಿ ಫ್ಲ್ಯಾಶ್ ಬೇಕೆಂದರೆ 1/200ರ ಆಸುಪಾಸಿಗೆ ಬರಬೇಕು, ಅದಕ್ಕೆ ಆರು ಸ್ಟಾಪ್ ಬೆಳಕು ತಗ್ಗಿಸುವ ಎನ್‌ಡಿ64 ಫಿಲ್ಟರ್ (ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು). ಲೆನ್ಸಿನ ಬೆಲೆಯ ಮೇಲೆ 67 ಎಂಎಂ ಅಳತೆಯ ಒಳ್ಳೆಯ ಎನ್‌ಡಿಯ ಬೆಲೆಯೂ ಸೇರಿತು.

ಪೂರ್ತಿ ತೆರೆದಾಗ ಇನ್ನೊಂದು ತೊಂದರೆ ಕಾಣುತ್ತದೆ, ಅದು ಬೀಳುವುದು ಸರಿಯಾಗಿ ನಮ್ಮ ಹೆಣ್ಣುಮಕ್ಕಳ ಫೋಟೊಗಳ ಮೇಲೆ. ಮೂಗುತಿಯ ವಜ್ರ, ಜುಮುಕಿಯ ಮುತ್ತು, ಸೀರೆಯ ಜರಿ ಅಂಚು: ಹೊಳೆಯುವ ಈ ಚುಕ್ಕೆಗಳ ಸುತ್ತ ಫೋಕಸ್‌ನ ಮುಂದೆ ನೇರಳೆ, ಹಿಂದೆ ಹಸಿರು ಅಂಚು ಮೂಡುತ್ತದೆ. ಬೇರೆ ಬೇರೆ ಬಣ್ಣ ಬೇರೆ ಬೇರೆ ಆಳದಲ್ಲಿ ಫೋಕಸ್ ಆಗುವುದರಿಂದ ಹೀಗೆ. ಲೆನ್ಸ್ ಪ್ರೊಫೈಲ್ ಟಿಕ್ ಮಾಡಿದರೆ ಇದು ಹೋಗದು. ಸಾಫ್ಟ್‌ವೇರ್‌ನಲ್ಲಿ ಅಂಚಿನ ಬಣ್ಣ ತೆಗೆಯುವ ಡಿಫ್ರಿಂಜ್ ಸ್ಲೈಡರ್ ಎಳೆದರೆ ಹೋಗುತ್ತದೆ, ಜೊತೆಗೆ ನೇರಳೆ ಸೀರೆಯ ಬಣ್ಣದ ಒಂದು ಪಾಲೂ ಹೋಗುತ್ತದೆ. ಹೊಸ ಜಿಎಂ, ಹೊಸ ಸಿಗ್ಮಾಗಳಲ್ಲಿ ಬಹಳ ಕಮ್ಮಿಯಾಗಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವ ಹಳೆಯ ಎಫ್/1.4ಗಳಲ್ಲಿ ಅಲ್ಲ.

ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಬೇಡಿಕೆ ಗುಂಪಿನ ಫೋಟೊ. ಎರಡು ಸಾಲು, ನಡುವೆ ಎರಡಡಿ, ಮೂರು ಮೀಟರ್ ದೂರ. ಎಫ್/1.4ರಲ್ಲಿ ಅಲ್ಲಿಗೆ ಸಿಗುವ ಆಳವೂ ಹೆಚ್ಚುಕಮ್ಮಿ ಎರಡೇ ಅಡಿ. ಮುಂದಿನ ಸಾಲಿಗೆ ಫೋಕಸ್ ಹಿಡಿದರೆ ಹಿಂದಿನ ಸಾಲು ಹೋಯಿತು. ಎಫ್/4ಕ್ಕೆ ಇಳಿಸಲೇಬೇಕು. ಆಗ ಕೊಟ್ಟ ಹೆಚ್ಚಿನ ದುಡ್ಡು ಸುಮ್ಮನೆ ಕೂತಿರುತ್ತದೆ. ಫ್ರೇಮ್‌ನ ಎರಡು ಅಂಚುಗಳಲ್ಲಿ ನಿಂತವರು ಸುಮಾರು 12 ಶೇಕಡಾ ಅಗಲವಾಗಿ ಬರುತ್ತಾರೆ, ಹಾಗಾಗಿ ಪಕ್ಕಗಳಲ್ಲಿ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟು ತೆಗೆದು ಆಮೇಲೆ ಕತ್ತರಿಸಬೇಕು.

35ರ ನೋಟವೇ ಬೇಕು ಎನ್ನುವವರ ಮೇಲೆ ಆಕ್ಷೇಪವಿಲ್ಲ. ಅದಕ್ಕೆ ಎಫ್/1.8 ಇದೆ. ಸೋನಿಯದ್ದು 280 ಗ್ರಾಂ, ಜಿಎಂನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕ್ಯಾನನ್ ಆರ್‌ಎಫ್ 35 ಎಫ್/1.8 ಮ್ಯಾಕ್ರೊ 305 ಗ್ರಾಂ ಇದ್ದು, 17 ಸೆಂಟಿಮೀಟರ್ ಹತ್ತಿರದಿಂದ ಅರ್ಧ ಗಾತ್ರದ ಮ್ಯಾಕ್ರೊ (ಚಿಕ್ಕ ವಸ್ತುವಿನ ತೀರಾ ಹತ್ತಿರದ ಫೋಟೊ) ತೆಗೆಯುತ್ತದೆ, ಸ್ಟೆಬಿಲೈಸೇಷನ್ ಕೂಡ ಒಳಗೇ ಇದೆ. ಉಂಗುರ, ಹೂವು, ಎಲೆಯ ಮೇಲಿನ ಹೋಳಿಗೆ ಎಲ್ಲಕ್ಕೂ ಒದಗುವ ಇಂಥದ್ದನ್ನೇ ದಿನಬಳಕೆಯ ಲೆನ್ಸ್ ಅನ್ನಬೇಕು. ಕಳೆದುಕೊಳ್ಳುವುದೆಷ್ಟು? ಐಎಸ್ಒ 400 ಇದ್ದದ್ದು 640 ಆಗುತ್ತದೆ, ಒಂದೂವರೆ ಮೀಟರ್‌ಗೆ 15 ಸೆಂಟಿಮೀಟರ್ ಇದ್ದ ಆಳ 20 ಆಗುತ್ತದೆ. ಎರಡು ಕಣ್ಣೂ ಚೂಪಾಗಿ ಬರಲಿ ಎನ್ನುವವರಿಗೆ ಆ ಐದು ಸೆಂಟಿಮೀಟರ್ ಲಾಭವೇ.

ಕೊಳ್ಳುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕಿಟ್ ಜೂಮ್ 28–70 ಆಗಿದ್ದರೆ ಲೆನ್ಸಿನ ಜೂಮ್ ಉಂಗುರವನ್ನು 35ಕ್ಕೆ ತಿರುಗಿಸಿ, ಅಲುಗದಂತೆ ಟೇಪ್ ಸುತ್ತಿ ಒಂದು ವಾರ ತೆಗೆಯಬೇಕು. ಮುಂದಿನ ವಾರ 70ಕ್ಕೆ ಟೇಪ್. 18–55 ಇರುವವರಿಗೆ 23 ಮತ್ತು 55. ಎರಡು ವಾರದ ಫೋಟೊಗಳಿಂದ ಪ್ರಿಂಟ್ ಹಾಕಿಸಬೇಕೆನಿಸುವ ಮುಖಗಳನ್ನು ಮಾತ್ರ ಆರಿಸಿ ಬೇರೆ ಫೋಲ್ಡರ್‌ಗೆ ಹಾಕಿ, ಪ್ರತಿಯೊಂದೂ ಯಾವ ವಾರದ್ದು ಎಂದು ನೋಡಬೇಕು. ಕೋಣೆ, ಬೀದಿ, ಊಟದ ಫೋಟೊಗಳನ್ನು ಈ ಎಣಿಕೆಯಲ್ಲಿ ಸೇರಿಸಬಾರದು, ಅವಕ್ಕೆ ಕಿಟ್ ಲೆನ್ಸ್ ಎಫ್/5.6ರಲ್ಲೂ ಸಾಕಾಗುತ್ತದೆ.